ಬ್ರಾಹ್ಮಿ ತಿಂದರೆ ನೆನಪು ಹೆಚ್ಚುತ್ತದೆಯೇ? ನಿಮ್ಮ ಮೇಲೆ ನೀವೇ ಪರೀಕ್ಷಿಸಿಕೊಳ್ಳುವ ಕ್ರಮ

ಹಾಸನ, ಚಿಕ್ಕಮಗಳೂರು ಕಡೆಯ ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಇದು: ‘ತೋಟದ ಬದಿಯಲ್ಲಿ ಒಂದೆಲಗ ಬೇಕಾದಷ್ಟಿದೆ, ಅಂಗಡಿಯಲ್ಲಿ ಬ್ರಾಹ್ಮಿ ಕ್ಯಾಪ್ಸೂಲ್ ಸಿಗುತ್ತದೆ. ಇದರಿಂದ ನಿಜವಾಗಿ ನೆನಪಿನ ಶಕ್ತಿ ಹೆಚ್ಚುತ್ತದೆಯೇ? ಗೊತ್ತುಮಾಡಿಕೊಳ್ಳುವುದು ಹೇಗೆ?’ ಪರೀಕ್ಷೆಯ ತಿಂಗಳು ಹತ್ತಿರ ಬಂದಂತೆ ಈ ಪ್ರಶ್ನೆ ಇನ್ನೂ ಹೆಚ್ಚುತ್ತದೆ.

ನಾಲ್ಕು ದಿನ ತಿಂದು ‘ತಲೆ ಚುರುಕಾಗಿದೆ ಅನಿಸುತ್ತಿದೆ’ ಎಂದರೆ ಅದು ಪರೀಕ್ಷೆಯಲ್ಲ. ಔಷಧ ತಿಂದಿದ್ದೇನೆ ಎಂಬ ನಂಬಿಕೆಯೇ ಚುರುಕು ತರಬಲ್ಲದು. ಒಂದೇ ಬಗೆಯ ಪರೀಕ್ಷೆಯನ್ನು ಮತ್ತೆ ಮತ್ತೆ ಬರೆದರೆ ಅಭ್ಯಾಸಬಲದಿಂದಲೂ ಅಂಕ ಏರುತ್ತದೆ. ಈ ಎರಡನ್ನೂ ಬೇರ್ಪಡಿಸಿ ಗಿಡದ ಪಾಲು ಎಷ್ಟು ಎಂದು ನೋಡುವುದೇ ಇಲ್ಲಿನ ಕೆಲಸ. ಖರ್ಚು ಹೆಚ್ಚಿಲ್ಲ, ಆದರೆ ತಾಳ್ಮೆ ಬೇಕು. ಒಟ್ಟು 32 ವಾರ ಹಿಡಿಯುತ್ತದೆ. ಅಷ್ಟು ಕಾಯಲಾಗದಿದ್ದರೆ ಶುರು ಮಾಡಬೇಡಿ, ಅರ್ಧಕ್ಕೆ ಬಿಟ್ಟ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ.

ಮೊದಲೇ ಒಂದು ಮಾತು. ಇದು 18 ವರ್ಷ ದಾಟಿದ, ಆರೋಗ್ಯವಾಗಿರುವವರು ತಮ್ಮ ಮೇಲೆ ತಾವೇ ಮಾಡಿಕೊಳ್ಳುವ ಪರೀಕ್ಷೆ. ಎಸ್‌ಎಸ್‌ಎಲ್‌ಸಿ, ಪಿಯುಸಿ ಮಕ್ಕಳ ಮೇಲೆ ಮಾಡುವಂಥದ್ದಲ್ಲ. ಪರೀಕ್ಷೆಗೆ ಒಂದು ವಾರವಿರುವಾಗ ಮಕ್ಕಳಿಗೆ ಬ್ರಾಹ್ಮಿ ಕೊಡಿಸಲು ಓಡಾಡುವ ತಂದೆತಾಯಂದಿರು ಇದನ್ನೂ ಗಮನಿಸಬೇಕು: ಆಸ್ಟ್ರೇಲಿಯಾದಲ್ಲಿ 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 300 ಮಿಲಿಗ್ರಾಂ ಸಾರವನ್ನು ಒಂದೇ ಸಲ ಕೊಟ್ಟು ಎರಡು ಗಂಟೆಯ ನಂತರ ನೋಡಿದಾಗ ಯಾವ ವ್ಯತ್ಯಾಸವೂ ಕಾಣಲಿಲ್ಲ. ಅದೇ ವರ್ಷ ಅಲ್ಲಿಯೇ 46 ಆರೋಗ್ಯವಂತರ ಮೇಲೆ ನಡೆದ ಇನ್ನೊಂದು ಪ್ರಯೋಗದಲ್ಲಿ ಪರಿಣಾಮ ಸ್ಪಷ್ಟವಾಗಿ ಕಂಡದ್ದು 12ನೇ ವಾರಕ್ಕೆ. ಕೊನೆಯ ವಾರದ ಚಮಚೆ ಲೇಹ್ಯದಿಂದ ಮಗುವಿಗೆ ಸಿಗುವುದು ಹೊಟ್ಟೆ ತೊಳಸುವಿಕೆ ಮಾತ್ರ ಆಗಬಹುದು.

1. ಯಾವ ಗಿಡ ಎಂದು ಖಚಿತಪಡಿಸಿಕೊಳ್ಳಿ

ಅತಿ ಹೆಚ್ಚು ಜನ ಎಡವುವುದು ಇಲ್ಲಿಯೇ. ನಮ್ಮ ಕಡೆ ‘ಬ್ರಾಹ್ಮಿ’ ಎಂದು ಕರೆಸಿಕೊಳ್ಳುವ ಗಿಡಗಳು ಎರಡು.

ಒಂದೆಲಗ: ಸಂಸ್ಕೃತದಲ್ಲಿ ಮಂಡೂಕಪರ್ಣಿ, ಸಸ್ಯಶಾಸ್ತ್ರದ ಹೆಸರು ಸೆಂಟೆಲ್ಲಾ ಏಷಿಯಾಟಿಕಾ. ಗದ್ದೆಯ ಬದು, ಅಡಿಕೆ ತೋಟದ ಕಾಲುವೆ ಪಕ್ಕ ಹಬ್ಬುತ್ತದೆ. ಉದ್ದ ತೊಟ್ಟಿನ ತುದಿಯಲ್ಲಿ ದುಂಡನೆಯ, ಬುಡದಲ್ಲಿ ಸೀಳಿರುವ, ಅಂಚಿನಲ್ಲಿ ಸಣ್ಣ ಹಲ್ಲುಗಳಿರುವ ಒಂದೊಂದೇ ಎಲೆ. ತಂಬುಳಿಗೆ ನಾವು ಕೊಯ್ಯುವುದು ಇದನ್ನೇ.

ನೀರು ಬ್ರಾಹ್ಮಿ: ಬಕೋಪಾ ಮೊನ್ನಿಯೇರಿ. ಕೆರೆಯಂಚು, ಜೌಗು ನೆಲದಲ್ಲಿ ನೆಲಕ್ಕಂಟಿ ಹರಡುತ್ತದೆ. ಎಲೆ ಚಿಕ್ಕದು, ದಪ್ಪ, ರಸಭರಿತ. ತೊಟ್ಟಿಲ್ಲದೆ ಎದುರುಬದುರಾಗಿ ಕೂತಿರುತ್ತದೆ. ಹೂವು ಬಿಳಿ ಅಥವಾ ತಿಳಿ ನೇರಳೆ, ಐದು ದಳ. ಒಂದು ಎಲೆ ಜಗಿದರೆ ನಾಲಿಗೆ ತುಂಬ ಕಹಿ.

ಒಂದೆಲಗದ ಹೆಸರಿನಲ್ಲಿ ಇಲಿಕಿವಿ ಸೊಪ್ಪು ಕೈಗೆ ಬರುವುದೂ ಉಂಟು. ಅದರ ಹೂವು ಹಳದಿ. ಒಂದೆಲಗದ ಹೂವು ಎಲೆಗಳ ಅಡಿಯಲ್ಲಿ ಅಡಗಿರುವ ಅತಿ ಸಣ್ಣ ನಸುಗೆಂಪು ಹೂವು.

ಚರಕ ಸಂಹಿತೆ ಹೇಳುವ ನಾಲ್ಕು ಮೇಧ್ಯ ರಸಾಯನಗಳಲ್ಲಿ, ಎಂದರೆ ಬುದ್ಧಿಶಕ್ತಿಗೆ ಒದಗುವ ಔಷಧಗಳಲ್ಲಿ, ಮಂಡೂಕಪರ್ಣಿಯ ರಸ ಮೊದಲನೆಯದು. ಉಳಿದವು ಹಾಲಿನೊಂದಿಗೆ ಜ್ಯೇಷ್ಠಮಧುವಿನ ಪುಡಿ, ಅಮೃತಬಳ್ಳಿಯ ರಸ, ಶಂಖಪುಷ್ಪಿಯ ಕಲ್ಕ, ಎಂದರೆ ಅರೆದ ಮುದ್ದೆ. ಆದರೆ ಆರೋಗ್ಯವಂತ ವಯಸ್ಕರ ನೆನಪಿನ ಮೇಲೆ ಇಂದಿನ ರೀತಿಯ ಪ್ರಯೋಗಗಳು ಹೆಚ್ಚು ನಡೆದಿರುವುದು ನೀರು ಬ್ರಾಹ್ಮಿಯ ಮೇಲೆ. ಹಾಗಾಗಿ ಈ ಲೇಖನದಲ್ಲಿ ಅದನ್ನೇ ಹಿಡಿದಿದ್ದೇನೆ. ಒಂದೆಲಗವನ್ನು ಪರೀಕ್ಷಿಸುವುದಾದರೂ ಕ್ರಮ ಇದೇ. ಎರಡನ್ನೂ ಬೆರೆಸಿ ಮಾತ್ರ ತಿನ್ನಬೇಡಿ.

ಗುರುತಿನ ಬಗ್ಗೆ ಅನುಮಾನವಿದ್ದರೆ ಬೇರು, ಎಲೆ, ಹೂವು ಸಹಿತ ಒಂದು ಗಿಡವನ್ನು ಒದ್ದೆ ಕಾಗದದಲ್ಲಿ ಸುತ್ತಿ ತಿಳಿದವರ ಬಳಿ ಒಯ್ಯಿರಿ. ಹಾಸನದ ತಣ್ಣೀರುಹಳ್ಳದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜು, ಮೂಡಿಗೆರೆಯ ತೋಟಗಾರಿಕೆ ಕಾಲೇಜು ಅಥವಾ ನಿಮ್ಮ ಊರಿನ ಪದವಿ ಕಾಲೇಜಿನ ಸಸ್ಯಶಾಸ್ತ್ರ ಅಧ್ಯಾಪಕರು, ಯಾರಾದರೂ ಆದೀತು. ಆಯುರ್ವೇದ ಕಾಲೇಜಿನಲ್ಲಿ ದ್ರವ್ಯಗುಣ ವಿಭಾಗವನ್ನು ಕೇಳಿ. ಔಷಧಿ ಸಸ್ಯಗಳನ್ನು ಗುರುತಿಸುವುದು ಅವರ ಕೆಲಸ.

2. ಮೊದಲು ವೈದ್ಯರನ್ನು ಕಾಣಿ

ಮರೆವು ಇತ್ತೀಚೆಗೆ ಹೆಚ್ಚಾಗಿದೆ ಎಂಬ ಕಾರಣಕ್ಕೆ ಬ್ರಾಹ್ಮಿಯ ಕಡೆ ನೋಡುತ್ತಿದ್ದರೆ, ಮೊದಲು ರಕ್ತಪರೀಕ್ಷೆ ಮಾಡಿಸಿ. ವಿಟಮಿನ್ ಬಿ12 ಕೊರತೆ (ಸಸ್ಯಾಹಾರಿಗಳಲ್ಲಿ ಇದು ಸಾಮಾನ್ಯ), ಥೈರಾಯ್ಡ್ ಕಡಿಮೆಯಾಗಿರುವುದು, ನಿದ್ದೆಗೇಡು, ಖಿನ್ನತೆ ಇವೆಲ್ಲ ನೆನಪನ್ನು ಕುಗ್ಗಿಸುತ್ತವೆ, ಇವಕ್ಕೆಲ್ಲ ಚಿಕಿತ್ಸೆ ಇದೆ. ಮನೆಯ ಹಿರಿಯರು ದಾರಿ ತಪ್ಪುತ್ತಿದ್ದರೆ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದರೆ ಈ ಪ್ರಯೋಗಕ್ಕೆ ಕೂರಿಸಬೇಡಿ. ನೇರ ನರರೋಗ ಅಥವಾ ಮನೋರೋಗ ತಜ್ಞರಲ್ಲಿಗೆ ಕರೆದೊಯ್ಯಿರಿ.

ಗರ್ಭಿಣಿಯರು, ಎದೆಹಾಲುಣಿಸುವವರು, ಥೈರಾಯ್ಡ್, ಮೂರ್ಛೆರೋಗ, ನಿದ್ದೆ ಅಥವಾ ಮರೆವಿನ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು, ಹೃದಯ ಬಡಿತ ನಿಧಾನವಿರುವವರು, ಆಸ್ತಮಾ, ಹೊಟ್ಟೆಹುಣ್ಣು ಅಥವಾ ಯಕೃತ್ತಿನ ತೊಂದರೆ ಇರುವವರು ಇದರಿಂದ ದೂರವಿರಿ. ಉಳಿದವರೂ ನೋಂದಾಯಿತ ಆಯುರ್ವೇದ ವೈದ್ಯರೊಬ್ಬರನ್ನು ಕಂಡು, ತೆಗೆದುಕೊಳ್ಳುವ ಪ್ರಮಾಣವನ್ನು ಅವರಿಂದಲೇ ಬರೆಸಿಕೊಳ್ಳಿ. ನೀರು ಬ್ರಾಹ್ಮಿಯಿಂದ ಕೆಲವರಿಗೆ ವಾಕರಿಕೆ, ಹೊಟ್ಟೆ ನುಲಿತ, ಪದೇ ಪದೇ ಭೇದಿ ಆಗುತ್ತದೆ. ಊಟದ ನಂತರ ತೆಗೆದುಕೊಂಡರೆ ಕಡಿಮೆ. ತೊಂದರೆ ನಿಲ್ಲದಿದ್ದರೆ ಪರೀಕ್ಷೆ ನಿಲ್ಲಿಸಿ.

3. ತೋಟದ ಸೊಪ್ಪೋ, ಅಂಗಡಿಯ ಸಾರವೋ?

ತೋಟದ್ದೇ ಶುದ್ಧ ಎನ್ನುವುದು ನಮ್ಮೆಲ್ಲರ ಸಹಜ ಒಲವು. ಈ ಪರೀಕ್ಷೆಯ ಮಟ್ಟಿಗೆ ನಾನು ಅಂಗಡಿಯ ಸಾರವನ್ನೇ ಸೂಚಿಸುತ್ತೇನೆ. ಎರಡು ಕಾರಣಗಳಿವೆ.

ಮೊದಲನೆಯದು, ನೀರು ಬ್ರಾಹ್ಮಿ ಮಣ್ಣು ಮತ್ತು ನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂನಂತಹ ಭಾರಲೋಹಗಳನ್ನು ಹೀರಿ ತನ್ನಲ್ಲಿ ಕೂಡಿಟ್ಟುಕೊಳ್ಳುವ ಗಿಡ. ಊರಿನ ಚರಂಡಿ ಸೇರುವ ಕೆರೆಯ ಅಂಚಿನದು ಖಂಡಿತ ಬೇಡ. ಅಡಿಕೆಗೆ ಕೊಳೆರೋಗ ಬಾರದಂತೆ, ಕಾಫಿಗೂ ರೋಗ ತಗಲದಂತೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ ಇರುತ್ತದೆ. ಎಂದರೆ ತಾಮ್ರ. ಮರದಿಂದ ತೊಟ್ಟಿಕ್ಕಿದ್ದೆಲ್ಲ ಕೆಳಗಿನ ಕಾಲುವೆಗೇ ಬಂದು ಸೇರುತ್ತದೆ. ಎರಡನೆಯದು, ಹಸಿ ಗಿಡದ ಸತ್ವ ಋತು, ಜಾಗ, ಒಣಗಿಸಿದ ರೀತಿ ನೋಡಿ ಏರಿಳಿಯುತ್ತದೆ. ಮೊದಲ ತಿಂಗಳ ಪುಡಿಯೂ ಮೂರನೆಯ ತಿಂಗಳ ಪುಡಿಯೂ ಒಂದೇ ಎನ್ನಲಾಗದು.

ಕೊಳ್ಳುವಾಗ ನೋಡಬೇಕಾದದ್ದು: ಬಕೋಪಾ ಮೊನ್ನಿಯೇರಿ ಎಂಬ ಹೆಸರು, ಅದೊಂದೇ ಗಿಡ ಇರುವುದು, ಬಕೋಸೈಡ್‌ಗಳ ಶೇಕಡಾ ಪ್ರಮಾಣ (ಈ ಗಿಡದ ಮುಖ್ಯ ಸತ್ವಗಳ ಹೆಸರು ಅದು), ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ. 12 ವಾರಕ್ಕೂ ಆಗುವಷ್ಟು, ಒಂದೇ ಬ್ಯಾಚಿನದು ಕೊಳ್ಳಿ. ಹತ್ತಾರು ಮೂಲಿಕೆಗಳ ‘ಮೆಮೊರಿ ಟಾನಿಕ್’ ಈ ಕೆಲಸಕ್ಕೆ ಬಾರದು. ಅದರಲ್ಲಿ ಯಾವುದು ಕೆಲಸ ಮಾಡಿತೆಂದು ಯಾರೂ ಹೇಳಲಾರರು.

4. ಹುಸಿ ಔಷಧ ತಯಾರಿಸಿ

ಪರೀಕ್ಷೆಯ ಜೀವ ಇರುವುದು ಇಲ್ಲಿ. ಪ್ಲಾಸಿಬೋ ಎನ್ನುತ್ತಾರೆ: ನೋಡಲು ಔಷಧದಂತೆಯೇ ಇರುವ, ಒಳಗೆ ಔಷಧವಿಲ್ಲದ ಕ್ಯಾಪ್ಸೂಲ್. ನೀವು ತಿನ್ನುತ್ತಿರುವುದು ಯಾವುದು ಎಂದು ನಿಮಗೆ ಗೊತ್ತಿರಬಾರದು. ತಂಬುಳಿ, ಚಟ್ನಿ, ರಸದ ರೂಪದಲ್ಲಿ ಈ ಗುಟ್ಟು ನಿಲ್ಲುವುದಿಲ್ಲ, ನಾಲಿಗೆಯೇ ಹೇಳಿಬಿಡುತ್ತದೆ. ಆದ್ದರಿಂದ ಕ್ಯಾಪ್ಸೂಲ್ ಬೇಕೇ ಬೇಕು.

ಮನೆಯಲ್ಲಿ ಇಬ್ಬರ ಸಹಾಯ ಪಡೆಯಿರಿ. ಒಬ್ಬರು ಗುಟ್ಟು ಕಾಯುವವರು, ಇನ್ನೊಬ್ಬರು ಅಂಕ ಹಾಕುವವರು. ಎರಡನ್ನೂ ಒಬ್ಬರೇ ಮಾಡಬಾರದು. ಯಾವ ಸೀಸೆಯಲ್ಲಿ ಏನಿದೆ ಎಂದು ತಿಳಿದವರು ಪದ ಓದಿದರೆ ದನಿಯಲ್ಲೋ ಮುಖದಲ್ಲೋ ಸುಳಿವು ಸಿಕ್ಕಿಬಿಡುತ್ತದೆ, ಅಂಕ ಹಾಕುವಾಗಲೂ ಕೈ ಸಡಿಲವಾಗುತ್ತದೆ.

ಗುಟ್ಟು ಕಾಯುವವರು ಮಾಡಬೇಕಾದದ್ದು: ಒಳಗಿನದು ಹೊರಗೆ ಕಾಣದ, ಬಣ್ಣದ ಖಾಲಿ ಕ್ಯಾಪ್ಸೂಲ್‌ಗಳನ್ನು ತರಿಸುವುದು. ಸಸ್ಯಾಹಾರಿಗಳಾದರೆ ಜೆಲಟಿನ್ ಅಲ್ಲದ, ಸಸ್ಯಮೂಲದ್ದನ್ನೇ ಕೇಳಬೇಕು. ಅಂಗಡಿಯ ಕ್ಯಾಪ್ಸೂಲ್ ಬಿಚ್ಚಿ ಒಳಗಿನ ಪುಡಿಯನ್ನು ಇವುಗಳಿಗೆ ತುಂಬುವುದು. ಇನ್ನರ್ಧಕ್ಕೆ ಹುರಿದು ಆರಿಸಿದ ಅಕ್ಕಿಹಿಟ್ಟು. ಹೊರಮೈಗೆ ಅಂಟಿದ ಪುಡಿಯನ್ನು ಒಣಬಟ್ಟೆಯಲ್ಲಿ ಪೂರ್ತಿ ಒರೆಸಬೇಕು, ಚೂರು ಉಳಿದರೂ ಕಹಿ ತಿಳಿಯುತ್ತದೆ. ವಾಸನೆ ಮರೆಸಲು ಎರಡೂ ಸೀಸೆಗೆ ಎರಡೆರಡು ಏಲಕ್ಕಿ ಹಾಕಿದರೆ ಸಾಕು.

ದಿನಕ್ಕೊಂದು ಕ್ಯಾಪ್ಸೂಲ್ ಆದರೆ 12 ವಾರಕ್ಕೆ 84 ಬೇಕು. 90 ತುಂಬಲಿ. ಕೊನೆಯಲ್ಲಿ ಆರಕ್ಕಿಂತ ಹೆಚ್ಚು ಉಳಿದರೆ ಅಷ್ಟು ದಿನ ನೀವು ಮರೆತಿದ್ದೀರಿ ಎಂದು ಎಣಿಕೆಯೇ ಹೇಳುತ್ತದೆ. ನಾಣ್ಯ ಚಿಮ್ಮಿ, ಮೊದಲು ಯಾವುದು ಎಂದು ಅವರೇ ನಿರ್ಧರಿಸಿ ಸೀಸೆಗಳಿಗೆ ‘ಅ’, ‘ಆ’ ಎಂದು ಚೀಟಿ ಅಂಟಿಸಬೇಕು. ಯಾವುದು ಯಾವುದೆಂದು ಬರೆದು ಲಕೋಟೆಯಲ್ಲಿ ಅಂಟಿಸಿ ನಿಮ್ಮ ಕೈಗೆ ಸಿಗದ ಕಡೆ ಇಡಬೇಕು. ಎರಡನೆಯ ಸೀಸೆಯನ್ನು ಮೊದಲೇ ತುಂಬಿಡುವುದು ಬೇಡ. ಮಲೆನಾಡಿನ ಮಳೆಗಾಲದ ತೇವಕ್ಕೆ ಕ್ಯಾಪ್ಸೂಲ್ ಮೆತ್ತಗಾಗುತ್ತದೆ, ಬೂಸ್ಟು ಹಿಡಿಯುತ್ತದೆ. ಬೇಕಾದಾಗ ತುಂಬಿ, ಗಾಳಿಯಾಡದ ಸೀಸೆಯಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣದೊಂದಿಗೆ ಇಡಿ.

5. ಪದಪಟ್ಟಿ ಮಾಡಿಸಿ

ನೆನಪನ್ನು ಅಳೆಯಲು ಪದಪಟ್ಟಿ ಹಳೆಯ, ನಂಬಲರ್ಹ ಸಾಧನ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಆಂದ್ರೆ ರೇ ಹೆಸರಿನ ಪದಕಲಿಕೆಯ ಪರೀಕ್ಷೆ ಬೆಂಗಳೂರಿನ ನಿಮ್ಹಾನ್ಸ್‌ನ ನರಮನೋವೈಜ್ಞಾನಿಕ ಪರೀಕ್ಷಾಸಮೂಹದಲ್ಲೂ ಇದೆ. ಅದನ್ನು ಬಳಸುವವರು ತರಬೇತಿ ಪಡೆದ ತಜ್ಞರು. ನಾವು ಅದರ ಹೂರಣವನ್ನಷ್ಟೇ ತೆಗೆದುಕೊಂಡು ಸರಳವಾಗಿ ಮಾಡೋಣ.

ಅಂಕ ಹಾಕುವವರು ತಲಾ 15 ಪದಗಳ 12 ಪಟ್ಟಿಗಳನ್ನು ಬರೆಯಬೇಕು. ನೀವು ನೋಡಕೂಡದು. ಪದಗಳು ಕಣ್ಣಿಗೆ ಕಾಣುವ ವಸ್ತುಗಳಾಗಿರಲಿ, ಎರಡು ಮೂರು ಅಕ್ಷರದವಾಗಿರಲಿ. ಉದಾಹರಣೆಗೆ: ಕೊಡೆ, ನವಿಲು, ಬೀಗ, ಮೆಣಸು, ದೋಣಿ, ಕಂಬಳಿ, ಗಂಟೆ, ಜೇನು, ಮೊಳೆ, ತೊಟ್ಟಿಲು, ಚಂದ್ರ, ಹಗ್ಗ, ಕಿಟಕಿ, ಕೊಳಲು, ಸುಣ್ಣ.

ಒಂದಕ್ಕೊಂದು ನಂಟಿರುವ ಪದಗಳು ಒಂದೇ ಪಟ್ಟಿಯಲ್ಲಿ ಬರದಿರಲಿ. ಕಾಫಿ, ಏಲಕ್ಕಿ, ಮೆಣಸು ಒಟ್ಟಿಗೆ ಬಂದರೆ ತೋಟದ ಮನೆಯವರಿಗೆ ಮೂರೂ ಒಂದೇ ಗಂಟಿನಲ್ಲಿ ನೆನಪಾಗುತ್ತವೆ. ಪ್ರಾಸದ ಪದಗಳೂ ಬೇಡ. ಒಮ್ಮೆ ಬಂದ ಪದ ಇನ್ನೊಂದು ಪಟ್ಟಿಯಲ್ಲಿ ಬರಬಾರದು. ಎಲ್ಲ ಪಟ್ಟಿಗಳನ್ನೂ ಒಂದೇ ದನಿಯಲ್ಲಿ, ಎರಡು ಸೆಕೆಂಡಿಗೊಂದು ಪದದಂತೆ ಮೊಬೈಲಿನಲ್ಲಿ ಧ್ವನಿಮುದ್ರಿಸಿಟ್ಟುಕೊಂಡರೆ ಓದುವ ವೇಗ ದಿನಕ್ಕೊಂದು ರೀತಿ ಆಗುವುದಿಲ್ಲ. ಯಾವ ದಿನ ಯಾವ ಪಟ್ಟಿ ಎಂಬುದನ್ನು ಚೀಟಿ ಎತ್ತಿ ಗೊತ್ತುಮಾಡಲಿ. ಸುಲಭದ ಪಟ್ಟಿಗಳೆಲ್ಲ ಒಂದೇ ಸೀಸೆಯ ಪಾಲಿಗೆ ಬೀಳದಿರಲು ಇದೇ ದಾರಿ.

ಪರೀಕ್ಷೆ ನಡೆಯುವುದು ಹೀಗೆ. ಪಟ್ಟಿಯನ್ನು ಒಮ್ಮೆ ಕೇಳಿ, ನೆನಪಿದ್ದಷ್ಟು ಪದ ಹೇಳಿ. ಇದನ್ನು ಮೂರು ಸಲ ಮಾಡಿ. ಮೂರನೆಯ ಸಲದ ಎಣಿಕೆಯನ್ನು ಅವರು ಬರೆದುಕೊಳ್ಳುತ್ತಾರೆ. ನಂತರ 30 ನಿಮಿಷ ಮಾತಿಲ್ಲದ ಯಾವುದಾದರೂ ಕೆಲಸ ಮಾಡಿ: ಪಾತ್ರೆ ತೊಳೆಯುವುದು, ಅಂಗಳ ಗುಡಿಸುವುದು. ಮನಸ್ಸಿನಲ್ಲಿ ಪದ ಜಪಿಸುತ್ತಾ ಕೂರಬೇಡಿ. ಗಡಿಯಾರ ನೋಡಿ, ಪಟ್ಟಿ ಕೇಳಿಸದೆಯೇ ಮತ್ತೊಮ್ಮೆ ಹೇಳಿ. ಈ ಕೊನೆಯ ಎಣಿಕೆಯೇ ನಮಗೆ ಮುಖ್ಯ. 40ರಿಂದ 65 ವಯಸ್ಸಿನ 76 ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಕಲಿಯುವ ವೇಗ ಬದಲಾಗಲಿಲ್ಲ, ಕಲಿತದ್ದನ್ನು ಮರೆಯುವುದು ಕಡಿಮೆಯಾಯಿತು. ಹಾಗಾಗಿ ಗಿಡದ ಗುಣ ಕಾಣುವುದಿದ್ದರೆ ಅರ್ಧ ಗಂಟೆಯ ನಂತರದ ಅಂಕದಲ್ಲಿ ಕಾಣಬೇಕು. ಪಟ್ಟಿಯಲ್ಲಿ ಇಲ್ಲದ ಪದ ಹೇಳಿದರೆ ಅಂಕವಿಲ್ಲ, ಆದರೆ ಬದಿಯಲ್ಲಿ ಗುರುತು ಹಾಕಲಿ.

6. ಗೆಲುವು ಎಂದರೇನು ಎಂದು ಮೊದಲೇ ಬರೆದಿಡಿ

ಸೀಸೆ ಮುಟ್ಟುವ ಮೊದಲು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಿರಿ: ಎಷ್ಟು ಅಂತರ ಬಂದರೆ ಬ್ರಾಹ್ಮಿ ನನ್ನಲ್ಲಿ ಕೆಲಸ ಮಾಡಿತು ಎನ್ನುತ್ತೇನೆ? ನನ್ನ ಸಲಹೆ, ಸರಾಸರಿಯಲ್ಲಿ ಕನಿಷ್ಠ ಎರಡು ಪದಗಳ ಅಂತರ. ದಿನಾಂಕ ಹಾಕಿ ಸಹಿ ಮಾಡಿ. ಫಲಿತಾಂಶ ನೋಡಿದ ಮೇಲೆ ಗೆಲುವಿನ ಗೆರೆ ಎಳೆದರೆ ಅದು ನಮಗೆ ಬೇಕಾದ ಕಡೆಗೇ ಬೀಳುತ್ತದೆ.

7. ವೇಳಾಪಟ್ಟಿ

ಮಾರ್ಚ್ ಮೊದಲ ವಾರ ಶುರುಮಾಡಿದರೆ ಅಕ್ಟೋಬರ್ ನಡುವಿಗೆ ಮುಗಿಯುತ್ತದೆ. ರೊಬಸ್ಟಾ ಕೊಯ್ಲು ಮುಗಿದ ಮೇಲೆ ಶುರು, ಅರೇಬಿಕಾ ಕೊಯ್ಲಿನ ಗಡಿಬಿಡಿಗೆ ಮೊದಲೇ ಮುಕ್ತಾಯ. ಕೊಯ್ಲಿನ ದಿನಗಳ ದಣಿವು, ನಿದ್ದೆಗೇಡಿನ ನಡುವೆ ನೆನಪಿನ ಪರೀಕ್ಷೆ ಇಟ್ಟುಕೊಂಡರೆ ಅಳೆಯುವುದು ದಣಿವನ್ನೇ.

ಮೊದಲ 2 ವಾರ ಅಭ್ಯಾಸ: ಔಷಧವಿಲ್ಲದೆ ನಾಲ್ಕು ಪರೀಕ್ಷೆ. ಈ ಅಂಕಗಳನ್ನು ಫಲಿತಾಂಶಕ್ಕೆ ಸೇರಿಸುವುದಿಲ್ಲ. ಪರೀಕ್ಷೆಯ ಬಗೆ ಕೈಗೆ ಹತ್ತಲಿ ಎಂಬುದಷ್ಟೇ ಉದ್ದೇಶ. ಔಷಧವೇ ಇಲ್ಲದೆ ನಿಮ್ಮ ಅಂಕ ಎಷ್ಟು ಏರಿಳಿಯುತ್ತದೆ ಎಂಬುದೂ ಇಲ್ಲೇ ತಿಳಿಯುತ್ತದೆ. 8, 12, 9 ಎಂದು ಜಿಗಿಯುವವರಿಗೆ ಎರಡು ಪದಗಳ ಅಂತರ ದೊಡ್ಡದಲ್ಲ, ಆಗ ಮೊದಲ ಪುಟದ ಗೆರೆಯನ್ನು ಈಗಲೇ ಮೂರಕ್ಕೆ ಏರಿಸಿ.

ಮುಂದಿನ 12 ವಾರ ‘ಅ’ ಸೀಸೆ. ಕೊನೆಯ ಎರಡು ವಾರಗಳಲ್ಲಿ ನಾಲ್ಕು ಪರೀಕ್ಷೆ. ನಂತರ 6 ವಾರ ಬಿಡುವು: ಮೊದಲ ಸೀಸೆಯ ಪರಿಣಾಮ ಏನಾದರೂ ಇದ್ದರೆ ಇಳಿದುಹೋಗಲು. ಆಮೇಲೆ 12 ವಾರ ‘ಆ’ ಸೀಸೆ, ಕೊನೆಯಲ್ಲಿ ಮತ್ತೆ ನಾಲ್ಕು ಪರೀಕ್ಷೆ.

ಪರೀಕ್ಷೆ ಯಾವಾಗಲೂ ಒಂದೇ ಹೊತ್ತಿಗೆ, ಒಂದೇ ಕೋಣೆಯಲ್ಲಿ. ಕಾಫಿಯ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಬೆಳಗ್ಗೆ ಒಂದು ಲೋಟ ಕುಡಿದೇ ಪರೀಕ್ಷೆಗೆ ಕೂರುವವರಾದರೆ ಪ್ರತಿ ಸಲವೂ ಹಾಗೆಯೇ ಮಾಡಿ. ಕಾಫಿ ಎಚ್ಚರವನ್ನು ಹೆಚ್ಚಿಸುತ್ತದೆ, ಒಂದು ದಿನ ಕುಡಿದು ಒಂದು ದಿನ ಬಿಟ್ಟರೆ ಲೆಕ್ಕ ಕೆಡುತ್ತದೆ. ಹಿಂದಿನ ರಾತ್ರಿಯ ನಿದ್ದೆ ಎಷ್ಟು ಗಂಟೆ, ಜ್ವರ ನೆಗಡಿ ಇತ್ತೇ ಎಂದು ಬರೆದಿಡಿ. ಕಾಯಿಲೆ ಬಿದ್ದರೆ ಎರಡು ಮೂರು ದಿನ ಮುಂದೂಡಬಹುದು. ‘ಇವತ್ತು ಮನಸ್ಸಿಲ್ಲ’ ಎಂದು ಮುಂದೂಡುವಂತಿಲ್ಲ.

32 ವಾರವೂ ಒಂದೆಲಗದ ತಂಬುಳಿ, ಚಟ್ನಿ, ಬ್ರಾಹ್ಮಿ ಘೃತ, ಅಶ್ವಗಂಧ ಯಾವುದೂ ಬೇಡ. ಬ್ರಾಹ್ಮಿ ಎಣ್ಣೆ ತಲೆಗೆ ಹಚ್ಚುವ ರೂಢಿ ಇದ್ದರೆ ಉದ್ದಕ್ಕೂ ಹಚ್ಚಿ ಇಲ್ಲವೇ ಉದ್ದಕ್ಕೂ ಬಿಡಿ. ಮುಂಗಾರು ಹಿಡಿದು ಬದುಗಳಲ್ಲೆಲ್ಲ ಎಳೆ ಒಂದೆಲಗ ಎದ್ದಾಗ ಈ ನಿಯಮ ಪಾಲಿಸುವುದು ಕಷ್ಟ, ಮನೆಯವರಿಗೂ ಮೊದಲೇ ಹೇಳಿಟ್ಟಿರಿ.

8. ಲಕೋಟೆ ತೆರೆಯುವ ಮೊದಲು, ತೆರೆದ ಮೇಲೆ

ತೆರೆಯುವ ಮೊದಲು ನಿಮ್ಮ ಊಹೆ ಬರೆಯಿರಿ: ಯಾವ ಸೀಸೆಯಲ್ಲಿ ಬ್ರಾಹ್ಮಿ ಇತ್ತು, ಯಾಕೆ ಹಾಗೆನಿಸಿತು? ಹೊಟ್ಟೆ ತೊಳಸಿದ್ದರಿಂದಲೋ, ಕಹಿ ತೇಗಿನಿಂದಲೋ ನಿಮಗೆ ಗೊತ್ತಾಗಿದ್ದರೆ ಗುಟ್ಟು ಒಡೆದಿದೆ ಎಂದರ್ಥ, ಫಲಿತಾಂಶದ ತೂಕ ಅಷ್ಟು ಕಡಿಮೆಯಾಗುತ್ತದೆ.

ಈಗ ಪ್ರತಿ ಸೀಸೆಯ ನಾಲ್ಕು ಅರ್ಧಗಂಟೆಯ ಅಂಕಗಳನ್ನು ಅಕ್ಕಪಕ್ಕ ಬರೆಯಿರಿ. ಬ್ರಾಹ್ಮಿಯ ನಾಲ್ಕೂ ಅಂಕಗಳು ಹುಸಿ ಔಷಧದ ನಾಲ್ಕಕ್ಕಿಂತಲೂ ಮೇಲಿದ್ದರೆ ಅದು ಗಮನಿಸಬೇಕಾದ ಸಂಗತಿ. ಎಂಟು ಅಂಕಗಳನ್ನು ಕುರುಡಾಗಿ ನಾಲ್ಕು ನಾಲ್ಕಾಗಿ ಹಂಚಿದರೆ ಹೀಗೆ ಬೀಳುವ ಸಾಧ್ಯತೆ 70ರಲ್ಲಿ 1 ಮಾತ್ರ. ಅಂಕಗಳು ಒಂದರೊಳಗೊಂದು ಬೆರೆತಿದ್ದರೆ, ಅಂತರ ಮೊದಲ ಪುಟದ ಗೆರೆ ದಾಟದಿದ್ದರೆ, ನಿಮ್ಮಲ್ಲಿ ಪರಿಣಾಮ ಕಾಣಲಿಲ್ಲ ಎಂದು ಬರೆಯಿರಿ. ಅದೂ ಒಂದು ಉತ್ತರವೇ.

ಬ್ರಾಹ್ಮಿ ಎರಡನೆಯ ಸೀಸೆಯಲ್ಲಿದ್ದು ಗೆದ್ದಿದ್ದರೆ ಹೆಚ್ಚು ಅನುಮಾನದಿಂದ ನೋಡಿ, ಆ ಹೊತ್ತಿಗೆ ಅಭ್ಯಾಸವೂ ಬೆಳೆದಿರುತ್ತದೆ. ಮೊದಲ ಸೀಸೆಯಲ್ಲಿದ್ದೂ ಗೆದ್ದಿದ್ದರೆ ಗೆಲುವು ಗಟ್ಟಿ. ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಹವೆ, ಕೆಲಸ, ಮನಸ್ಸು ಎಲ್ಲ ಬದಲಾಗಿರುವುದರಿಂದ 70ರಲ್ಲಿ 1 ಎಂಬ ಲೆಕ್ಕವನ್ನು ಪೂರ್ತಿ ನೆಚ್ಚಿಕೊಳ್ಳುವಂತಿಲ್ಲ. ಸಾಧ್ಯವಾದರೆ ಮುಂದಿನ ವರ್ಷ ಹೊಸ ಪಟ್ಟಿಗಳೊಂದಿಗೆ, ಮತ್ತೆ ನಾಣ್ಯ ಚಿಮ್ಮಿ ಇನ್ನೊಮ್ಮೆ ಮಾಡಿ.

ನೆಂಟರನ್ನೂ ಸೇರಿಸಿಕೊಳ್ಳಬಹುದೇ?

ಬೇಡ. ಬೇರೆಯವರಿಗೆ ಔಷಧ ಕೊಟ್ಟು ಫಲಿತಾಂಶ ನೋಡುವುದು, ಗಿಡಮೂಲಿಕೆಯಾದರೂ, ಮನುಷ್ಯರ ಮೇಲಿನ ಪ್ರಯೋಗವೇ. ಸಂಘದವರು, ಕಾಲೇಜಿನವರು ಸೇರಿ ಮಾಡಬೇಕೆಂದಿದ್ದರೆ ಆಸ್ಪತ್ರೆ ಇರುವ ಆಯುರ್ವೇದ ಕಾಲೇಜಿನ ಸಂಶೋಧಕರನ್ನು ಜೊತೆಗೆ ಕರೆದುಕೊಳ್ಳಿ. ಅಲ್ಲಿನ ನೈತಿಕ ಸಮಿತಿ, ಎಂದರೆ ಭಾಗವಹಿಸುವವರ ಹಿತ ಕಾಯಲು ಇರುವ ತಜ್ಞರ ಮಂಡಳಿ, ಒಪ್ಪಿಗೆ ಕೊಡಬೇಕು. ಪ್ರತಿಯೊಬ್ಬರಿಂದಲೂ ಅವರಿಗೆ ಅರ್ಥವಾಗುವ ಕನ್ನಡದಲ್ಲಿ ಬರೆದ ಒಪ್ಪಿಗೆ ಪತ್ರ ಪಡೆಯಬೇಕು. ಭಾರತದ ಚಿಕಿತ್ಸಾ ಪ್ರಯೋಗಗಳ ನೋಂದಣಿ ವ್ಯವಸ್ಥೆಯಾದ ಸಿಟಿಆರ್‌ಐನಲ್ಲಿ, ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುನ್ನವೇ ನೋಂದಣಿಯೂ ಆಗಿರಬೇಕು.